ನಾಲ್ಕು ಗಂಟೆಯ ಸಿಹಿ

ಬರೆದುಕೋ ಮಗಳೇ. ನನ್ನ ಅತ್ತಿಗೆ ಸಿಹಿ ಮಾಡುವವಳು. ಅಡುಗೆಯವಳು ಅಂತ ಬರೆಯಬೇಡ, ಹಾಗಂದರೆ ಅವಳಿಗೆ ಮೂಗಿನ ತುದಿಯಲ್ಲೇ ಸಿಟ್ಟು. "ಹಸಿದವರಿಗೆ ಯಾರು ಬೇಕಾದ್ರೂ ಬೇಯಿಸಿ ಹಾಕ್ತಾರೆ ಕಣೇ. ಹೊಟ್ಟೆ ಬಿರಿಯೋ ಹಾಗೆ ತಿಂದು ಎದ್ದವನನ್ನ ಮತ್ತೆ ಕೂರಿಸು ನೋಡೋಣ, ಅದು ಕೆಲಸ" ಅನ್ನುತ್ತಿದ್ದಳು. ಹಾಗೆ ಎಷ್ಟು ಸಾವಿರ ಜನರನ್ನು ಮತ್ತೆ ಕೂರಿಸಿದಳೋ, ಲೆಕ್ಕ ಇಟ್ಟವರಿಲ್ಲ. ಒಬ್ಬನ ವಿಷಯದಲ್ಲಿ ಸೋತಳು. ಆ ಒಬ್ಬ ಅವಳ ಗಂಡ, ನನ್ನ ಅಣ್ಣ.

ಅತ್ತಿಗೆ ಅಂದರೆ ದೊಡ್ಡವಳು ಅಂದುಕೊಳ್ಳಬೇಡ. ನನಗಿಂತ ಎರಡೇ ತಿಂಗಳು ಹಿರಿಯಳು. ಹೆಸರಿಗೆ ಅತ್ತಿಗೆ ನಾದಿನಿ, ಜಗಳಕ್ಕೆ ಗೆಳತಿಯರು. ಅವಳು ಕೆಲಸ ಮಾಡುತ್ತಿದ್ದದ್ದು ಸಮಾರಂಭದ ಭವನದಲ್ಲಿ. ಮದುವೆ ಊಟ, ನಿವೃತ್ತಿ ಊಟ, ಕಂಪನಿಯವರ ಊಟ, ಎಲ್ಲ ಅಲ್ಲೇ. ಮುನ್ನೂರು ಕುರ್ಚಿ. ಹಿಂದುಗಡೆ ದೊಡ್ಡ ಅಡುಗೆಮನೆ, ಅದರ ಪಕ್ಕಕ್ಕೆ ಅಂಟಿಕೊಂಡ ಹಾಗೆ ಇವಳ ಸಿಹಿ ಕೋಣೆ. ಎರಡು ಒಲೆ, ಒಂದು ಬಿಳಿ ಕಲ್ಲಿನ ಕಟ್ಟೆ, ಊಟದ ಜಾಗಕ್ಕೆ ತೆರೆಯುವ ಒಂದು ಕಿಟಕಿ. ಆ ಕಟ್ಟೆ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ನಾನು ಹೋದಾಗೆಲ್ಲ ಕೆನ್ನೆ ಇಟ್ಟು ನಿಲ್ಲುತ್ತಿದ್ದೆ, ಅವಳು ಬೈಯುತ್ತಿದ್ದಳು.

ಅವಳಿಗೆ ವಿದ್ಯೆ ಕಲಿಸಿದವರು ಅಲ್ಲಿನ ಹಳೇ ದೊಡ್ಡ ಅಡುಗೆಯವರು. ತಕ್ಕಡಿ ಅಂದರೆ ಅವರಿಗೆ ಆಗದು. ಹಾಲು, ಮೊಟ್ಟೆ, ಹಿಟ್ಟು ಎಲ್ಲ ಕಣ್ಣಳತೆ. ಸಕ್ಕರೆ ಮಾತ್ರ ಕಟ್ಟಕಡೆಗೆ, ಹಾಕುತ್ತ ಹಾಕುತ್ತ ನಾಲಿಗೆ ಮೇಲಿಟ್ಟು ನೋಡುವುದು. ನೋಡುವ ಮೊದಲು ಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಬೇಕು. "ಹಾಲು ದಿನಕ್ಕೊಂದು ಥರ ಇರತ್ತೆ, ಹಣ್ಣು ಮರಕ್ಕೊಂದು ಥರ. ನಾಲಿಗೆ ಒಂದೇ ಥರ ಇರಬೇಕು" ಅಂತ ಅವರ ಪಾಠ. ಮೂವತ್ತು ವರ್ಷ ಅತ್ತಿಗೆಯ ನಾಲಿಗೆ ಒಂದೇ ಥರ ಇತ್ತು.

ಅಣ್ಣನದು ಗಡಿಯಾರ ರಿಪೇರಿ. ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗೆ ಅವನ ಅಂಗಡಿ. ಎಷ್ಟು ಕಿರಿದು ಅಂದರೆ ಅವನು ಸೀನಿದರೆ ಗಿರಾಕಿ ಮುಖ ಒರೆಸಿಕೊಳ್ಳಬೇಕು. ಬಲಗಣ್ಣಿಗೆ ಕಪ್ಪು ಕೊಳವೆಯ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮುಟದಲ್ಲಿ ಎತ್ತಿ ಇಡುತ್ತಿದ್ದ. ಉಸಿರು ಬಿಟ್ಟರೆ ಹಾರಿಹೋಗುತ್ತದೆ ಅಂತ ಉಸಿರು ಹಿಡಿದು ಕೂರುತ್ತಿದ್ದ. ಮಾತು ಕಮ್ಮಿ. ಸಿಹಿ ಅಂದರೆ ಪ್ರಾಣ. ಚಿಕ್ಕವರಿದ್ದಾಗ ಅಮ್ಮ ರೊಟ್ಟಿ ಮೇಲೆ ಬೆಣ್ಣೆ ಸವರಿ ಸಕ್ಕರೆ ಉದುರಿಸಿ ಕೊಡುತ್ತಿದ್ದಳು. ನಾನು ಕಚ್ಚಿ ತಿಂದರೆ ಅವನು ಸಕ್ಕರೆ ನೆಕ್ಕಿ ರೊಟ್ಟಿ ನನಗೆ ದಾಟಿಸುತ್ತಿದ್ದ. ಮುದುಕರಾದ ಮೇಲೂ ನನ್ನನ್ನು ಪುಟ್ಟಿ ಅಂತಲೇ ಕರೆಯುತ್ತಿದ್ದ. ಮಂಡಿ ನೋವಿನ ಪುಟ್ಟಿ! ನಗಬೇಡ, ಬರೆ.

ಅವನಿಗೆ ಐವತ್ತಾರು ಆಗಿದ್ದಾಗ ಒಂದು ದಿನ ಗಡಿಯಾರದೊಳಗೆ ಜೇಡ ಹೊಕ್ಕಿದೆ ಅಂದ. ಬಿಚ್ಚಿ ನೋಡಿದ, ಇಲ್ಲ. ಇನ್ನೊಂದು ಗಡಿಯಾರದಲ್ಲೂ ಜೇಡ. ಎಳೆ ಎಳೆಯಾಗಿ ಕಪ್ಪಗೆ ತೇಲುತ್ತದೆ, ನೋಡಲು ಹೋದರೆ ಜಾರುತ್ತದೆ. ಜೇಡ ಇದ್ದದ್ದು ಕಣ್ಣಲ್ಲಿ. ಕಣ್ಣಿನ ಡಾಕ್ಟರಮ್ಮ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಅಣ್ಣನನ್ನೂ ಅತ್ತಿಗೆಯನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರಂತೆ. "ಶುಗರ್ ನಿಮಗೆ ಬಂದು ಎಷ್ಟೋ ವರ್ಷ ಆಗಿದೆ, ಗೊತ್ತಾಗಿಲ್ಲ ಅಷ್ಟೇ. ಕಣ್ಣಿನ ಹಿಂಭಾಗದ ರಕ್ತನಾಳಗಳು ಸೋರ್ತಿವೆ. ಲೇಸರ್ ಹಾಕ್ತೀವಿ. ಆದ್ರೆ ಶುಗರ್ ಕೆಳಗೆ ಇಳೀದಿದ್ರೆ ನಾವು ಮಾಡೋದೆಲ್ಲ ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ. ಹೋದ ಕಣ್ಣು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳಿ."

ಇರೋದನ್ನ ಉಳಿಸ್ಕೊಳ್ಳಿ. ಅತ್ತಿಗೆಗೆ ಆ ಮಾತು ಎದೆಗೆ ನಾಟಿಬಿಟ್ಟಿತು. ಅವತ್ತಿನಿಂದ ಅವಳಿಗೆ ಬೇರೆ ಗುರಿ ಇರಲಿಲ್ಲ. ಅಣ್ಣನ ಕಣ್ಣು, ಅಷ್ಟೇ.

ನಾನು ಅವರ ಮನೆಗೆ ಹೋದಾಗ ಅವಳು ಕಸ್ಟರ್ಡ್ ಕಲಕುತ್ತಿದ್ದಳು. "ಏನೇ ಇದು, ಶುಗರ್ ಅಂದಿದ್ದಾರೆ, ನೀನು ಸಿಹಿ ಮಾಡ್ತಿದ್ದೀಯಲ್ಲ" ಅಂದೆ.

"ಪೂರ್ತಿ ನಿಲ್ಲಿಸಿದ್ರೆ ಇವರು ಕದ್ದು ತಿಂತಾರೆ. ನನ್ನ ಗಂಡನ ಬಾಯಿ ನನಗೆ ಗೊತ್ತಿಲ್ವಾ? ಕದ್ದು ತಿನ್ನೋದೇ ವಿಷ. ಎಷ್ಟು ತಿಂದ್ರು ಅಂತ ಯಾರಿಗೂ ಗೊತ್ತಾಗಲ್ಲ" ಅಂದಳು. ಆಮೇಲೆ ದನಿ ತಗ್ಗಿಸಿದಳು. "ನೋಡು, ನಾಲ್ಕು ಬಟ್ಟಲಿಗೆ ಹನ್ನೆರಡು ಚಮಚ ಹಾಕ್ತಿದ್ದೆ. ಈ ವಾರ ಹನ್ನೊಂದೂವರೆ. ಮುಂದಿನ ವಾರ ಹನ್ನೊಂದು. ಹೀಗೇ ಇಳಿಸ್ತಾ ಹೋಗ್ತೀನಿ. ನಾಲಿಗೆಗೆ ಗೊತ್ತೇ ಆಗಬಾರದು, ಬೆಕ್ಕು ಮೆಟ್ಟಿಲು ಇಳಿದ ಹಾಗೆ. ಅವರಿಗೆ ಹೇಳಿಬಿಟ್ಟೀಯ ಮತ್ತೆ! ಹೇಳಿದ್ರೆ ಮೊದಲ ದಿನದಿಂದ್ಲೇ ಸಪ್ಪೆ ಅಂತಾರೆ."

"ಬಾಯಿಗೆ ಬೀಗ" ಅಂದೆ ನಾನು.

ಅಣ್ಣನ ಜೊತೆ ಅವಳೂ ಅದನ್ನೇ ತಿಂದಳು. ಟೀಗೂ ಅವನಷ್ಟೇ ಹಾಕಿಕೊಂಡಳು. ಗಂಡನ ಎದುರಿಗೆ ಕೂತು ತಾನು ಬೇರೆ ತಿನ್ನುವುದು ಅವಳಿಂದ ಆಗುವ ಮಾತಲ್ಲ. ಹೀಗೆ ಇಳಿಯುತ್ತ ಇಳಿಯುತ್ತ ಆರು ತಿಂಗಳಿಗೆ ಸಕ್ಕರೆ ಡಬ್ಬಿಗೆ ಚಮಚ ಹಾಕುವುದೇ ನಿಂತಿತು. ಸಕ್ಕರೆ ಇಲ್ಲದ ಕಡೆ ಅವಳು ಬೇರೆ ಏನೇನೋ ಕೂರಿಸಿದಳು. ಹಾಲು ಕಮ್ಮಿ, ಮೊಟ್ಟೆ ಜಾಸ್ತಿ. ಜಾಯಿಕಾಯಿ, ವೆನಿಲ್ಲಾ, ಒಂದು ಚಿಟಿಕೆ ಉಪ್ಪು. ಸಿಹಿ ಮಾತ್ರೆ ಇದೆಯಲ್ಲ, ಅದನ್ನು ಒಲೆ ಮೇಲಿರುವಾಗ ಹಾಕಿದರೆ ಕಹಿಯಾಗುತ್ತದಂತೆ. ಇಳಿಸಿ, ಬಿಸಿ ಆರಿದ ಮೇಲೆ, ಒಂದು ಚಮಚ ನೀರಿನಲ್ಲಿ ಕರಗಿಸಿ ಬೆರೆಸಬೇಕು, ಅದೂ ಇಷ್ಟೇ ಇಷ್ಟು. ತೀರ ತಣ್ಣಗೆ ಮಾಡಿ ಕೊಡಬಾರದು, ತಣ್ಣಗಾದರೆ ಇರುವ ಸಿಹಿಯೂ ಅಡಗಿಕೊಳ್ಳುತ್ತದೆ. ಇಷ್ಟೆಲ್ಲ ಯಾವ ಪುಸ್ತಕದಲ್ಲಿ ಓದಿದೆಯೇ ಅಂದರೆ, "ಕೆಡಿಸಿ ಕೆಡಿಸಿ ಕಲಿತೆ, ಕೆಟ್ಟಿದ್ದನ್ನೆಲ್ಲ ನಾನೇ ತಿಂದೆ" ಅನ್ನುತ್ತಿದ್ದಳು.

ಆಮೇಲೆ ಅವಳ ತಲೆಗೆ ಭವನದ ಅತಿಥಿಗಳು ಹೊಕ್ಕರು. ಊಟಕ್ಕೆ ಬಂದವರಲ್ಲಿ ಎಷ್ಟು ಜನ ಸಿಹಿ ಬಂದಾಗ ಕೈ ಅಡ್ಡ ಹಿಡಿದು, ಪಕ್ಕದವರ ಬಟ್ಟಲನ್ನು ನೋಡುತ್ತ ನೀರು ಕುಡಿಯುತ್ತಾರೆ ಅಂತ ಕಿಟಕಿಯಿಂದ ಎಣಿಸಿದಳು. ಮೇನೇಜರರ ಹತ್ತಿರ ಹೋಗಿ ಕೇಳಿದಳು. ಅವರು, "ಏನಮ್ಮ, ಇದು ಭವನಾನೋ ಆಸ್ಪತ್ರೇನೋ? ಇವತ್ತು ಶುಗರ್‌ನವರಿಗೆ ಅಂತೀಯ, ನಾಳೆ ಮಂಡಿ ನೋವಿನವರಿಗೆ ಬೇರೆ ಕುರ್ಚಿ ಅಂತೀಯ" ಅಂದರಂತೆ. ಅಂದರೂ ಒಪ್ಪಿದರು, ಒಳ್ಳೆಯ ಮನುಷ್ಯ.

ಮೊದಲ ಸಲ ಒಂದು ಮೇಜು ಹಾಕಿ ಮೇಲೆ ಫಲಕ ತೂಗುಹಾಕಿದಳು, ಸಕ್ಕರೆ ಇಲ್ಲದ ಸಿಹಿ ಅಂತ. ಒಬ್ಬರೂ ಹತ್ತಿರ ಬರಲಿಲ್ಲ. ಯಾರು ಬರುತ್ತಾರೆ? ಬೀಗರ ಎದುರಿಗೆ, ಸಾಹೇಬರ ಎದುರಿಗೆ, ಆ ಫಲಕದ ಕೆಳಗೆ ನಿಂತರೆ ಕಾಯಿಲೆಯನ್ನು ಹಣೆಗೆ ಅಂಟಿಸಿಕೊಂಡ ಹಾಗೆ. ಎರಡನೇ ಸಲ ಅತ್ತಿಗೆ ಫಲಕ ಕಿತ್ತಳು. ಎಲ್ಲ ಒಂದೇ ಗಾಜಿನ ಬಟ್ಟಲು, ಒಂದೇ ಬಣ್ಣ, ಒಂದೇ ತಟ್ಟೆಯಲ್ಲಿ. ಸಕ್ಕರೆ ಇದ್ದದ್ದರ ಮೇಲೆ ಚಕ್ಕೆ ಪುಡಿಯ ಚುಕ್ಕೆ, ಇಲ್ಲದ್ದರ ಮೇಲೆ ಚಕ್ಕೆ ಪುಡಿಯ ಗೆರೆ. ಬಡಿಸುವವರಿಗೆ ಮಾತ್ರ ಗೊತ್ತು. ಬಾಯಿಂದ ಬಾಯಿಗೆ ಹರಡಿತು. ಜನ ಕೈತೊಳೆಯುವ ನೆಪದಲ್ಲಿ ಕಿಟಕಿ ಹತ್ತಿರ ಬಂದು, ಆಚೆ ಈಚೆ ನೋಡಿ, "ಅಮ್ಮಾ, ನಮಗೆ ಗೆರೆಯದು" ಅನ್ನುತ್ತಿದ್ದರು. ಒಬ್ಬ ಮುದುಕರಂತೂ, "ನಾವು ಗೆರೆಯ ವಂಶದವರು, ನನ್ನ ತಂದೇನೂ ಗೆರೆ, ತಾತಾನೂ ಗೆರೆ" ಅಂತ ಜಂಬ ಕೊಚ್ಚಿಕೊಳ್ಳುತ್ತಿದ್ದರು. ಇನ್ನೊಂದು ಬೇಕು ಅಂತ ಯಾರಾದರೂ ಕೇಳಿದರೆ ಅತ್ತಿಗೆ ಸೌಟು ತೋರಿಸುತ್ತಿದ್ದಳು. "ಗೆರೆ ಅಂದ್ರೆ ಬಕೆಟ್ ಗಟ್ಟಲೆ ತಿನ್ನಿ ಅಂತಲ್ಲ ಸ್ವಾಮಿ. ಹಾಲಲ್ಲೂ ಇರತ್ತೆ ಅದು. ಒಂದೇ ಒಂದು!"

ಆ ಒಂದೂವರೆ ವರ್ಷ ಅವಳ ಮುಖ ನೋಡಬೇಕಿತ್ತು. ಆಮೇಲೆ ನೋಡಲಿಲ್ಲ ಆ ಮುಖವನ್ನು.

ಈಗ ನನ್ನ ವಿಷಯ ಬರೆ. ನಾನು ಹೇಳಿದ ಹಾಗೇ ಬರೆ, ನಿನ್ನ ಅಜ್ಜಿ ಅಂತ ದಾಕ್ಷಿಣ್ಯಕ್ಕೆ ತಿದ್ದಬೇಡ.

ನಮ್ಮ ಮನೆ ಅಣ್ಣನ ಅಂಗಡಿಯಿಂದ ಎರಡು ಬೀದಿ. ದಿನಾ ನಾಲ್ಕು ಗಂಟೆಗೆ ಅಂಗಡಿಗೆ ಅರ್ಧ ಬಾಗಿಲು ಹಾಕಿ ನಮ್ಮ ಮನೆಗೆ ಟೀಗೆ ಬರುತ್ತಿದ್ದ. ಎಷ್ಟೋ ವರ್ಷದ ರೂಢಿ ಅದು. ಅತ್ತಿಗೆ ಮನೆಯಲ್ಲಿ ಸಕ್ಕರೆ ಇಳಿಸತೊಡಗಿದ ಎರಡನೆಯದೋ ಮೂರನೆಯದೋ ವಾರ. ಅಣ್ಣ ಟೀ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. "ಇನ್ನೊಂದು ಅರ್ಧ ಚಮಚ ಹಾಕೇ ಪುಟ್ಟಿ. ಇತ್ತೀಚೆಗೆ ಮನೇಲಿ ಏನು ತಿಂದ್ರೂ ನಾಲಿಗೆಗೆ ಹತ್ತೋದೇ ಇಲ್ಲ" ಅಂದ.

ನಾನು ಹಾಕಿದೆ.

ನನಗೆ ಗೊತ್ತಿರಲಿಲ್ಲ ಅಂತ ಹೇಳಲಾರೆ. ಕಾಯಿಲೆ ಗೊತ್ತಿತ್ತು, ಅವಳು ಇಳಿಸುತ್ತಿರುವುದೂ ಗೊತ್ತಿತ್ತು. ಆದರೂ ಹಾಕಿದೆ. ಅವನು ಹಿಂದಿನಿಂದ ಬಂದು ಜಡೆ ಎಳೆಯುತ್ತಿದ್ದ ಅಣ್ಣ. ನನ್ನ ಮುಂದೆ ಲೋಟ ಹಿಡಿದು ಕೇಳುತ್ತಿದ್ದಾನೆ. ಅರ್ಧ ಚಮಚಕ್ಕೆ ಏನಾಗುತ್ತದೆ, ಮಾತ್ರೆ ನುಂಗುತ್ತಾನಲ್ಲ ಅಂದುಕೊಂಡೆ. ಮತ್ತೆ, ಇದನ್ನೂ ಬರೆ, ನನ್ನ ಮನೆಯ ಟೀ ಅವನಿಗೆ ಹೆಂಡತಿ ಮಾಡಿದ್ದಕ್ಕಿಂತ ರುಚಿ ಅನ್ನುವುದು ನನಗೆ ಒಳಗೊಳಗೇ ಹಿತವಾಗಿತ್ತು. ಊರಿಗೆಲ್ಲ ಸಿಹಿ ಮಾಡುವವಳ ಗಂಡ ಸಿಹಿಗೆ ನನ್ನ ಬಾಗಿಲಿಗೆ ಬರುತ್ತಾನೆ!

ಅವಳು ಅಲ್ಲಿ ಅರ್ಧ ಚಮಚ ಇಳಿಸಿದ ಹಾಗೆಲ್ಲ ಅವನು ಇಲ್ಲಿ ಅರ್ಧ ಚಮಚ ಏರಿಸಿದ. ಮೊದಲು ಟೀ. ಆಮೇಲೆ ಟೀ ಜೊತೆಗೆ ಒಂದು ತುಂಡು ಕೇಕ್. ಆಮೇಲೆ ಮೇಲೆ ಸಕ್ಕರೆ ಪಾಕ ಹೊಯ್ದ ಕೇಕ್. ಸಕ್ಕರೆ ಎಲ್ಲೂ ಹೋಗಿರಲಿಲ್ಲ ಮಗಳೇ, ಮನೆ ಬದಲಾಯಿಸಿತ್ತು ಅಷ್ಟೇ. ಒಮ್ಮೆ ನಾನು ಹೆದರಿ ಕೊಡಲ್ಲ ಅಂದೆ. ಅವನು ಎದ್ದು ಹೋದ. ನಾಲ್ಕು ದಿನ ಬರಲಿಲ್ಲ. ಬೀದಿ ತುದಿಯ ಬೇಕರಿಯ ಮುಂದೆ ನಿಂತು ಕ್ರೀಮು ತುಂಬಿದ ಬನ್ನು ತಿನ್ನುತ್ತಿದ್ದದ್ದನ್ನು ಕಣ್ಣಾರೆ ಕಂಡೆ. ಎರಡು ತಿಂದ. ಬೀದಿಯಲ್ಲಿ ನಿಂತು ತಿನ್ನುವುದಕ್ಕಿಂತ ನನ್ನ ಮನೆಯಲ್ಲಿ ಕೂತು ತಿನ್ನಲಿ, ಎಷ್ಟು ತಿಂದ ಅಂತಲಾದರೂ ಗೊತ್ತಿರುತ್ತದೆ ಅಂತ ನಾನೇ ಹೋಗಿ ಕರೆದುಕೊಂಡು ಬಂದೆ. ಗೊತ್ತಿದ್ದು ಏನು ಮಾಡಿದೆ? ಏನೂ ಇಲ್ಲ.

ರಾತ್ರಿ ಊಟಕ್ಕೆ ಕೂತಾಗ ಅತ್ತಿಗೆಯ ಗೆರೆ ಬಟ್ಟಲನ್ನು ಪೂರ್ತಿ ಬಳಿದು ತಿನ್ನುತ್ತಿದ್ದನಂತೆ. ಹೇಗಿದೆ ರೀ ಅಂದರೆ ಚೆನ್ನಾಗಿದೆ ಅನ್ನುತ್ತಿದ್ದನಂತೆ. ಅವಳು ಬಂದು ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದಳು. "ಗೆದ್ದೆ ಕಣೇ. ಒಂದು ಚಮಚ ಸಕ್ಕರೆ ಇಲ್ಲ, ಆದ್ರೂ ಚೆನ್ನಾಗಿದೆ ಅಂದ್ರು." ನಾನು ತಲೆ ತಗ್ಗಿಸಿ ಬಟಾಣಿ ಸುಲಿಯುತ್ತಿದ್ದೆ.

ಡಾಕ್ಟರಮ್ಮ ಮೂರು ತಿಂಗಳಿಗೊಮ್ಮೆ ರಕ್ತ ನೋಡುತ್ತಿದ್ದರು. ಅಂಕಿ ಇಳಿಯಲಿಲ್ಲ. ಮಾತ್ರೆ ಏರಿಸಿದರು, ಇಳಿಯಲಿಲ್ಲ. ಇನ್ಸುಲಿನ್ ಸೂಜಿ ಕೊಟ್ಟರು, ಅದನ್ನು ಚುಚ್ಚುವುದನ್ನೂ ಅತ್ತಿಗೆ ಕಲಿತಳು. ಕಣ್ಣಿಗೆ ಮತ್ತೆ ಲೇಸರ್, ಮತ್ತೆ ಲೇಸರ್. "ಮನೇಲಿ ಏನೋ ಸರಿ ಹೋಗ್ತಿಲ್ಲಮ್ಮ" ಅಂದರಂತೆ ಒಮ್ಮೆ. ಅತ್ತಿಗೆ ಅಳುತ್ತ ಬಂದಳು. ತಪ್ಪು ತನ್ನ ಕೈಯದೇ ಅಂತ ಅವಳ ಎಣಿಕೆ. ಹಾಲಿನಿಂದ ಇರಬೇಕು ಅಂತ ಹಾಲು ಬಿಟ್ಟಳು. ಹಣ್ಣು ಬಿಟ್ಟಳು. ಕ್ಯಾರೆಟ್ ಕೂಡ ಸಿಹಿ ಅಂತ ಕ್ಯಾರೆಟ್ ಬಿಟ್ಟಳು. ಅಣ್ಣನ ಜೊತೆ ತಾನೂ ಬಿಟ್ಟಳು. ಬಿಟ್ಟೂ ಬಿಟ್ಟೂ ಗಾಳಿ ಬೀಸಿದರೆ ಬೀಳುವ ಹಾಗಾದಳು. ನಾನು ಅವಳಿಗೆ ಸೆರಗಿನಲ್ಲಿ ಕಣ್ಣೊರೆಸಿ ಸಮಾಧಾನ ಹೇಳಿದೆ. ನಾಲ್ಕು ಗಂಟೆಯ ಮಾತು ಹೇಳದೆ ಅವಳನ್ನು ಕಳಿಸಿ, ಅಣ್ಣನಿಗೆ ಟೀ ಇಟ್ಟೆ.

ಅದೇ ಹೊತ್ತಿಗೆ ಭವನದಲ್ಲಿ ಆ ಊಟ ನಡೆಯಿತು. ಯಾರದೋ ನಿವೃತ್ತಿ, ಮುನ್ನೂರು ಜನ. ಅತ್ತಿಗೆ ಎಂದಿನ ಹಾಗೆ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ, ಚುಕ್ಕೆಯ ಕಸ್ಟರ್ಡಿಗೆ ನಾಲಿಗೆ ಮೇಲಿಟ್ಟು ನೋಡುತ್ತ ಸಕ್ಕರೆ ಹಾಕಿದಳು. ಭರ್ತಿ ಸಿಹಿ ಅನಿಸಿದಾಗ ನಿಲ್ಲಿಸಿದಳು. ಬಟ್ಟಲುಗಳು ಹೋದವು. ಹೋದ ಹಾಗೇ ವಾಪಸು ಬಂದವು, ಒಂದೊಂದು ಚಮಚದ ಗುಳಿ ಬಿದ್ದುಕೊಂಡು. ಮೇನೇಜರರು ಕಿಟಕಿಯಲ್ಲಿ ತಲೆ ತೂರಿಸಿ, "ಎಲ್ಲರಿಗೂ ಗೆರೇನೇ ಕೊಟ್ಟುಬಿಟ್ಟೆಯೇನಮ್ಮ?" ಅಂದರು. "ಇಲ್ಲ, ಇದು ಚುಕ್ಕೆ, ಭರ್ತಿ ಸಿಹಿ ಇದೆ" ಅಂದಳು. ಅವರು ಒಂದು ಚಮಚ ಬಾಯಿಗಿಟ್ಟು ಅವಳ ಮುಖ ನೋಡಿದರು. ಚಮಚವನ್ನು ಕಿಟಕಿಯಲ್ಲೇ ಇಟ್ಟು ಹೋದರು.

ಗಂಡನ ನಾಲಿಗೆಯನ್ನು ಕೆಳಗಿಳಿಸುತ್ತೇನೆ ಅಂತ ಹೊರಟವಳು ತಾನು ಮೆಟ್ಟಿಲಿಳಿದು ಹೋಗಿದ್ದಳು. ಅವಳ ಬಾಯಿಗೆ ಈಗ ಬರೀ ಹಾಲೂ ಸಿಹಿ, ಬೇಯಿಸಿದ ಈರುಳ್ಳಿಯೂ ಸಿಹಿ. ಉಳಿದ ಲೋಕವೆಲ್ಲ ಮೇಲೆಯೇ ಇತ್ತು. ಅವನೂ ಮೇಲೆಯೇ ಇದ್ದ, ನನ್ನ ಅಡುಗೆಮನೆಯಲ್ಲಿ. ಚಮಚ ಎಣಿಸಿ ಹಾಕಬಹುದಿತ್ತಲ್ಲ ಅಂತೀಯ? ನಾನೂ ಅಂದೆ. ಎಣಿಸಿ ಹಾಕಿಯೂ ನೋಡಿದಳು. ಆದರೆ ಬಾಯಿಗಿಟ್ಟ ಕೂಡಲೇ ಅವಳಿಗೆ ವಾಕರಿಕೆ ಬರುವಷ್ಟು ಸಿಹಿ, ಜನಕ್ಕೆ ಇಂಥದ್ದು ಕೊಡಲೇ ಅಂತ ಕೈ ತಡೆಯುತ್ತಿತ್ತು. ಮೂರು ಊಟ ಹೀಗೇ ಕೆಟ್ಟ ಮೇಲೆ ಮೇನೇಜರರು ಸಿಹಿ ಕೋಣೆಗೆ ಬೇರೆಯವಳನ್ನು ತಂದರು. ಗೆರೆಯೂ ನಿಂತಿತು, ಹೊಸಬಳಿಗೆ ಆ ರಗಳೆ ಬೇಡವಾಗಿತ್ತು. ಅತ್ತಿಗೆಗೆ ಹಣ್ಣು ಹೆಚ್ಚುವ ಕೆಲಸ ಕೊಟ್ಟರು. ಗೆರೆಯವರು ಕಿಟಕಿಗೆ ಬಂದು ಕೇಳಿ, ಇಲ್ಲ ಅನ್ನಿಸಿಕೊಂಡು ಹೋಗುವುದನ್ನು ಅವಳು ಹಣ್ಣು ಹೆಚ್ಚುತ್ತ ಕೇಳಿಸಿಕೊಳ್ಳಬೇಕು. "ಹೋಗ್ಲಿ ಬಿಡು, ಇವರ ಕಣ್ಣು ಉಳಿದ್ರೆ ಸಾಕು" ಅಂದಳು ನನ್ನ ಹತ್ತಿರ. ನೆಲ ಬಾಯಿ ಬಿಡಬಾರದೇ ಅನಿಸಿತು ನನಗೆ. ಬಾಯಿ ಬಿಡಬೇಕಾದವಳು ನಾನು.

ಬಿಟ್ಟೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಒಂದು ಬೆಳಿಗ್ಗೆ ಅಣ್ಣ ಹೆಂಗಸರ ಸಣ್ಣ ಕೈಗಡಿಯಾರವೊಂದನ್ನು ಬಿಚ್ಚಿಕೊಂಡು ಕೂತಿದ್ದಾಗ ಎಡಗಣ್ಣಿಗೆ ಮೇಲಿನಿಂದ ಕಪ್ಪು ಪರದೆ ಇಳಿಯಿತಂತೆ, ಅಂಗಡಿ ಶಟರ್ ಎಳೆದ ಹಾಗೆ. ಒಳಗೆ ರಕ್ತನಾಳ ಒಡೆದಿತ್ತು. ಎಂಟು ತಿಂಗಳಿಗೆ ಬಲಗಣ್ಣು. ಆಪರೇಷನ್ ಮಾಡಿದರು. ಕಟ್ಟು ಬಿಚ್ಚಿದ ದಿನ ನಾನೂ ಹೋಗಿದ್ದೆ. ಕಿಟಕಿ ಯಾವ ಕಡೆ ಇದೆ ಅಂತ ಗೊತ್ತಾಗುತ್ತದೆ, ಅಷ್ಟೇ ಅಂದ.

ಅವತ್ತು ಡಾಕ್ಟರಮ್ಮ ಹೊರಗಿನ ಬೆಂಚಿನ ಹತ್ತಿರ ಬಂದು ಅತ್ತಿಗೆಯನ್ನು ಕೇಳಿದರು, ದಿನಾ ಏನೇನು ಕೊಡುತ್ತೀರಿ ಅಂತ. ಅತ್ತಿಗೆ ಪಾಠ ಒಪ್ಪಿಸುವ ಹಾಗೆ ಹೇಳಿದಳು. ಬೆಳಿಗ್ಗೆ ಇಷ್ಟು, ಮಧ್ಯಾಹ್ನ ಇಷ್ಟು, ರಾತ್ರಿ ಇಷ್ಟು. ಡಾಕ್ಟರಮ್ಮ ಕಾಗದ ನೋಡಿದರು. "ಇಷ್ಟೇ ತಿಂದ್ರೆ ಈ ಅಂಕಿ ಬರಲ್ಲಮ್ಮ" ಅಂದರು.

"ನಾಲ್ಕು ಗಂಟೆಗೆ ನಮ್ಮನೇಲಿ ಟೀ ಕುಡೀತಾನೆ" ಅಂದೆ ನಾನು. ನನ್ನ ದನಿ ನನಗೇ ಬೇರೆ ಯಾರದೋ ಅನಿಸಿತು.

"ಸಕ್ಕರೆ ಹಾಕಿಯಾ?"

"ಐದು ಚಮಚ. ಜೊತೆಗೆ ಕೇಕ್."

"ಎಷ್ಟು ದಿನದಿಂದ?"

"ಆರು ವರ್ಷ."

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿ ಒಳಗೆ ಹೋದರು. ಅತ್ತಿಗೆ ನನ್ನ ಕಡೆ ತಿರುಗಲಿಲ್ಲ. ಎದುರಿನ ಗೋಡೆ ನೋಡುತ್ತ ಕೂತಿದ್ದಳು. ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಅಂದಳು:

"ಒಂದು ಮಾತು ನನಗೆ ಹೇಳಿದ್ರೆ ನಾಲ್ಕು ಗಂಟೆಗೆ ಅಂತ ಬೇರೇನೇ ಒಂದು ಮಾಡಿ ಕೊಡ್ತಿದ್ದೆ ಕಣೇ."

ಅಷ್ಟೇ ಅಂದದ್ದು. ಇವತ್ತಿನವರೆಗೂ ಅಷ್ಟೇ.

ಆಮೇಲೆ ಅವನು ನಮ್ಮ ಮನೆಗೆ ಬರುವ ಹಾಗಿರಲಿಲ್ಲ, ನಾನೇ ಹೋಗುತ್ತಿದ್ದೆ. ನಾಲ್ಕು ಗಂಟೆಗೇ ಹೋಗುತ್ತಿದ್ದೆ, ಕಾಲಿಗೆ ಬೇರೆ ಹೊತ್ತು ಗೊತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ, ಬೆರಳುಗಳು ಮಾತ್ರ ತೊಡೆ ಮೇಲೆ ಏನೋ ತಿರುಪು ಬಿಗಿಯುತ್ತಿದ್ದವು. ಅತ್ತಿಗೆ ಒಳಗೆ ಹೋದದ್ದು ಕೇಳಿಸಿದ ಕೂಡಲೇ ನನ್ನ ಕಡೆ ಬಾಗುತ್ತಿದ್ದ. "ತಂದಿದ್ದೀಯಾ ಪುಟ್ಟಿ?"

"ಇಲ್ಲಣ್ಣ. ಬೇಡ ಅಂದಿದ್ದಾರಲ್ಲ."

"ಇನ್ನೇನು ಉಳಿಸ್ಬೇಕೂಂತ?"

ಉಳಿಸುವುದಿತ್ತು. ಮೂತ್ರದಲ್ಲಿ ನೊರೆ ಕಾಣಿಸಿಕೊಂಡಿದೆ, ಕಿಡ್ನಿ ಸೋಲುತ್ತಿದೆ ಅಂದಿದ್ದರು. ಅವನು ಕೇಳುವವನಲ್ಲ. ಅತ್ತಿಗೆ ಕೊಟ್ಟ ಬಟ್ಟಲನ್ನು ಪಕ್ಕಕ್ಕೆ ಸರಿಸತೊಡಗಿದ. ಊಟವನ್ನೂ ಸರಿಸಿದ. ಬೇಕರಿಯಿಂದ ತಂದುಕೊಡಿ ಅಂತ ಪಕ್ಕದ ಮನೆಯವರನ್ನು ಕೇಳಿದನಂತೆ, ಅತ್ತಿಗೆಗೆ ಅದೂ ಗೊತ್ತಾಯಿತು.

ಒಂದು ದಿನ ನಾನು ಹೋಗುವಾಗ ಅವಳು ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಸದ್ದು ಮಾಡಬೇಡ ಅಂತ ಕೈ ಸನ್ನೆ ಮಾಡಿ ಒಳಗೆ ಕರೆದಳು. ಒಲೆ ಪಕ್ಕ ಬಾದಾಮಿ ಪುಡಿ, ಮೊಟ್ಟೆ, ಬೆಣ್ಣೆ, ನಿಂಬೆ ಸಿಪ್ಪೆಯ ತುರಿ. ಸಕ್ಕರೆ ಇಲ್ಲ, ಬಿಸಿಗೆ ಕಹಿಯಾಗದ ಸಿಹಿ ಪುಡಿ ಯಾವುದೋ ಹುಡುಕಿ ತಂದಿದ್ದಳು. "ನೀನು ನೋಡು. ನನ್ನ ನಾಲಿಗೆ ಸತ್ತಿದೆ. ಅವರು ತಿಂತಿದ್ದದ್ದು ಹೇಗಿತ್ತೂಂತ ಗೊತ್ತಿರೋದು ನಿನಗೊಬ್ಬಳಿಗೆ."

ನಾನು ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದೆ. ಚಮಚ ಬಾಯಿಗಿಟ್ಟೆ. "ಇನ್ನೂ ಬೇಕು" ಅಂದೆ. ಅವಳು ಹಾಕಿದಳು. "ಇನ್ನೂ." ಅವಳು ಮುಖ ಕಿವುಚಿ ಹಾಕಿದಳು. "ಒಂದಿಷ್ಟು ಹುಳಿ ಕಮ್ಮಿ ಆಗ್ಬೇಕು. ಬೆಣ್ಣೆ ವಾಸನೆ ಬರ್ಬೇಕು." ಐದು ದಿನ ಕೆಟ್ಟಿತು. ಆರನೇ ದಿನ ನಮ್ಮ ಮನೆಯ ಕೇಕೇ ಆಯಿತು. ಅಲ್ಲ, ಅದಕ್ಕಿಂತ ಒಂದು ಕೈ ಮೇಲೆ.

"ನೀನೇ ತಗೊಂಡು ಹೋಗು. ನನ್ನ ಕೈಯಿಂದ ಕೊಟ್ರೆ ಮುಟ್ಟಲ್ಲ. ಹೊರಗಿಂದ ಬಂದ ಹಾಗೆ ಬಾ" ಅಂದಳು.

ನಾನು ಹಿತ್ತಿಲಿಂದ ಇಳಿದು, ಓಣಿ ಸುತ್ತಿ, ಮುಂದಿನ ಗೇಟನ್ನು ಸದ್ದಾಗುವ ಹಾಗೆ ತೆರೆದು ಬಂದೆ. ಅಣ್ಣ ಬಾಗಿದ. "ತಂದಿದ್ದೀಯಾ?" ನಾನು ಕೈಗಿಟ್ಟೆ. ಕಚ್ಚಿದ. ಅಗಿಯುವುದನ್ನು ನಿಲ್ಲಿಸಿದ, ನನ್ನ ಜೀವ ಹೋಯಿತು. ಆಮೇಲೆ ಮುಖವೆಲ್ಲ ಅರಳಿತು, ರೊಟ್ಟಿಯ ಸಕ್ಕರೆ ನೆಕ್ಕುವ ಹುಡುಗನದೇ ಮುಖ. "ಇದು ನೋಡು ಸಿಹಿ ಅಂದ್ರೆ! ಅವಳಿಗೆ ಈ ಜನ್ಮದಲ್ಲಿ ಬರಲ್ಲ ಇದು. ಭವನದಲ್ಲಿ ಹೆಂಗೆ ಇಟ್ಕೊಂಡಿದ್ರೋ ಅಷ್ಟು ವರ್ಷ." ದನಿ ತಗ್ಗಿಸಿ, "ಅವಳಿಗೆ ಹೇಳ್ಬೇಡ" ಅಂದ.

ಅವಳು ಅಡುಗೆಮನೆ ಬಾಗಿಲಲ್ಲೇ ಇದ್ದಳು, ಅವನಿಂದ ನಾಲ್ಕು ಹೆಜ್ಜೆ. ಸೆರಗಿನಲ್ಲಿ ಕೈ ಒರೆಸುತ್ತ ನಿಂತು ಪೂರ್ತಿ ಕೇಳಿದಳು. ನಗುವಳೋ ಅಳುವಳೋ ಅಂತ ನೋಡಿದೆ. ಎರಡೂ ಇಲ್ಲ. ಅವನ ಅಂಗಿ ಮೇಲೆ ಪುಡಿ ಎಷ್ಟು ಬಿತ್ತು ಅಂತ ನೋಡುತ್ತಿದ್ದಳು, ಬಟ್ಟಲಲ್ಲಿ ಎಷ್ಟು ಉಳಿಯುತ್ತದೆ ಅಂತ ನೋಡುವ ಹಾಗೆ.

ಹತ್ತು ತಿಂಗಳು ಹೀಗೇ ನಡೆಯಿತು. ದಿನಾ ಅವಳು ಮಾಡುವುದು, ದಿನಾ ನಾನು ಮಂಡಿ ಹಿಡಿದುಕೊಂಡು ಓಣಿ ಸುತ್ತಿ ಬರುವುದು. ನನಗೆ ಜ್ವರ ಬಂದಾಗ ಒಮ್ಮೆ ಅವಳೇ ಸುತ್ತಿ ಬಂದು ಗೇಟು ತೆರೆದಳಂತೆ. ಅವನು ಒಳಗಿಂದಲೇ, "ಎಲ್ಲಿಗೆ ಹೋಗಿದ್ದೆಯೇ?" ಅಂದನಂತೆ. ಕಣ್ಣಿಲ್ಲದಿದ್ದರೂ ಹೆಂಡತಿಯ ಹೆಜ್ಜೆ ಗೊತ್ತಿತ್ತು. ಅವತ್ತು ಏನೂ ತಿನ್ನಲಿಲ್ಲ. ಆದರೆ ಕೇಕ್ ಸಿಗತೊಡಗಿದ ಮೇಲೆ ಊಟವನ್ನೂ ಸರಿಯಾಗಿ ಮಾಡಲು ಶುರು ಮಾಡಿದ್ದ, ಅಂಕಿ ಇಳಿದಿತ್ತು. ಮೊದಲ ಸಲ ಇಳಿದಿತ್ತು. ಡಾಕ್ಟರಮ್ಮ ಚೆನ್ನಾಗಿ ನೋಡ್ಕೊಂಡಿದ್ದೀರಿ ಅಂದರಂತೆ. ಆದರೆ ಕಿಡ್ನಿಗೆ ಅದು ಸಾಲಲಿಲ್ಲ, ಹೊತ್ತು ಮೀರಿತ್ತು. ಕಾಲು ಊದಿತು. ಆಮೇಲೆ ಮುಖ.

ಆಸ್ಪತ್ರೆಗೆ ಸೇರಿಸಿದ ಮೂರನೆಯ ಸಂಜೆ, ನಾನು ಆಗಷ್ಟೇ ಮನೆಗೆ ಹೊರಟು ಹೋಗಿದ್ದೆ. ಅವನಿಗೆ ಎಚ್ಚರವಾಯಿತಂತೆ. ಪಕ್ಕದಲ್ಲಿ ಅತ್ತಿಗೆ ಇದ್ದಳು. ಇನ್ನು ಮುಚ್ಚಿಡುವುದು ಏನು ಅಂದುಕೊಂಡನೋ ಏನೋ, ಅವಳ ಕೈ ಹುಡುಕಿ ಹಿಡಿದು ಅಂದನಂತೆ:

"ಪುಟ್ಟಿಗೆ ಹೇಳು, ನಾಳೆ ಬರುವಾಗ ಆ ಕೇಕ್ ತರಲಿ. ನಿನಗೂ ಒಂದು ತುಂಡು ಕೊಡ್ತೀನಿ.‌ ಹೇಗೆ ಮಾಡೋದೂಂತ ಅವಳನ್ನ ಕೇಳ್ಕೋ."

"ಕೇಳ್ಕೋತೀನಿ" ಅಂದಳಂತೆ ಅತ್ತಿಗೆ.

ನರ್ಸನ್ನು ಕೂರಿಸಿ, ಮನೆಗೆ ಬಂದು ಬಾದಾಮಿ ಪುಡಿ ಮಾಡಿ, ಬೆಳಿಗ್ಗೆ ಏಳಕ್ಕೆಲ್ಲ ಕೇಕ್ ಸಿದ್ಧಮಾಡಿ ನನ್ನ ಬಾಗಿಲು ತಟ್ಟಿದಳು. ನಾಲಿಗೆ ಮೇಲಿಟ್ಟು ನೋಡು ಅಂದಳು. ನೋಡಿದೆ, ಸರಿಯಾಗಿತ್ತು. ಡಬ್ಬಿ ನನ್ನ ಕೈಗೆ ಕೊಟ್ಟು, ನೀನು ಮುಂದೆ ಹೋಗು, ನಾನು ಹಿಂದಿನಿಂದ ಬರ್ತೀನಿ ಅಂದಳು. ನಾನು ಮುಂದೆ ಹೋದೆ. ಹಾಸಿಗೆ ಖಾಲಿಯಿತ್ತು, ಚಾದರ ಬದಲಾಯಿಸುತ್ತಿದ್ದರು. ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿಸಿತು. ಬೇಕೆಂದೇ ನಿಧಾನವಾಗಿ ಬರುತ್ತಿದ್ದಳು, ಅವನು ನೆಮ್ಮದಿಯಾಗಿ ತಿಂದು ಮುಗಿಸಲಿ ಅಂತ.